ಒಲಿಂಪಿಕ್ಸ್‌ನಲ್ಲಿ ಇಲ್ಲದ ಆಟವನ್ನು ಮಗಳು ಯಾಕೆ ಆಡಬೇಕು?

ಪ್ರಶ್ನೆ: ಖೋ ಖೋ ಟೀಚರ್, ಚಿಂಚವಡ

ನಾನು ಪುಣೆಯ ಚಿಂಚವಡದ ಶಾಲೆಯೊಂದರಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿ. ಹುಟ್ಟಿದ್ದು ವಿಜಯಪುರ ಜಿಲ್ಲೆಯಲ್ಲಿ, ಓದಿದ್ದು ಧಾರವಾಡದಲ್ಲಿ, ಮದುವೆಯಾಗಿ ಬಂದದ್ದು ಇಲ್ಲಿಗೆ. ಶಾಲೆ ಬಿಟ್ಟ ಮೇಲೆ ಹುಡುಗಿಯರಿಗೆ ಖೋ ಖೋ ಕಲಿಸುತ್ತೇನೆ. ಈಗ ನನ್ನ ತಂಡದಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳಿದ್ದಾಳೆ. ತಂದೆ ಗದಗದ ಕಡೆಯವರು, ಭೋಸರಿಯ ಕಾರ್ಖಾನೆಯೊಂದರಲ್ಲಿ ಕೆಲಸ. ಕಂಬ ಹತ್ತಿರವಾದಂತೆ ಹೆಚ್ಚಿನ ಮಕ್ಕಳು ತಮಗೇ ತಿಳಿಯದೆ ಒಂದು ಹೆಜ್ಜೆ ಚಿಕ್ಕದು ಹಾಕುತ್ತಾರೆ. ಇವಳು ಹಾಕುವುದಿಲ್ಲ. ಓಡಿ ಬಂದ ವೇಗದಲ್ಲಿಯೇ ಒಂದು ಕೈಯಿಂದ ಕಂಬ ಹಿಡಿದು, ಮೈಯನ್ನೆಲ್ಲ ನೆಲಕ್ಕೆ ಸಮನಾಗಿ ಚಾಚಿ, ತಪ್ಪಿಸಿಕೊಂಡೆ ಎಂದುಕೊಂಡ ಎದುರಾಳಿಯ ಹಿಮ್ಮಡಿ ಮುಟ್ಟುತ್ತಾಳೆ. ಇದನ್ನು ಕಲಿಸಿ ಬರಿಸುವುದು ಬಹಳ ಕಷ್ಟ.

ಕಳೆದ ವಾರ ಅವಳ ತಂದೆ ಶಾಲೆಗೆ ಬಂದಿದ್ದರು. ಸಿಟ್ಟಿರಲಿಲ್ಲ, ಯೋಚನೆಯಿತ್ತು. "ಟೀಚರ್, ಮಗಳು ಆಡುವುದು ನನಗೂ ಇಷ್ಟವೇ. ಆದರೆ ಈ ಆಟ ಒಲಿಂಪಿಕ್ಸ್‌ನಲ್ಲಿ ಇಲ್ಲವಲ್ಲ. ನಮ್ಮ ಬಾಲೇವಾಡಿಯಲ್ಲೇ ಅಭ್ಯಾಸ ಮಾಡಿದ ಕೊಲ್ಹಾಪುರದ ಹುಡುಗ ಪ್ಯಾರಿಸ್‌ನಿಂದ ಶೂಟಿಂಗ್‌ನಲ್ಲಿ ಕಂಚು ತಂದ. ಸ್ಕ್ವಾಷ್ ಕೂಡ 2028ಕ್ಕೆ ಸೇರಿದೆಯಂತೆ. ಇವಳ ಕಾಲು ಅಷ್ಟು ಚುರುಕಾಗಿದ್ದರೆ ಅಂಥ ಆಟಕ್ಕೇ ಹಾಕಬಾರದೇಕೆ?"

ಅವರ ಪ್ರಶ್ನೆಯಲ್ಲಿ ತಪ್ಪಿಲ್ಲ. ಆದರೆ ಉತ್ತರ ಕೊಡುವ ಮೊದಲು ನನಗೆ ಸ್ಪಷ್ಟವಾಗಬೇಕಾದ ಒಂದು ವಿಷಯವಿದೆ. ಈ ಆಟ ಒಲಿಂಪಿಕ್ಸ್‌ಗೆ ತಕ್ಕದ್ದು, ಆ ಆಟ ಅಲ್ಲ ಎಂದು ತೀರ್ಮಾನಿಸುವವರು ಯಾರು? ಯಾವ ಅಳತೆಗೋಲು ಹಿಡಿದು?

ಹಳೆಯದಾಗಿದ್ದರೆ ಸಾಕು ಎನ್ನುವಂತಿಲ್ಲ. ಹಗ್ಗಜಗ್ಗಾಟ 1900ರಿಂದ 1920ರವರೆಗೆ ಒಲಿಂಪಿಕ್ಸ್‌ನಲ್ಲಿತ್ತು, ಆಮೇಲೆ ಹೋಯಿತು. ಹಗ್ಗ ಹತ್ತುವ ಸ್ಪರ್ಧೆ ಜಿಮ್ನಾಸ್ಟಿಕ್ಸ್‌ನ ಭಾಗವಾಗಿ ಬರುತ್ತ ಹೋಗುತ್ತ 1932ಕ್ಕೆ ಮುಗಿಯಿತು. ಅದೇ 1932ರ ಲಾಸ್ ಏಂಜಲೀಸ್‌ನಲ್ಲಿ 'ಇಂಡಿಯನ್ ಕ್ಲಬ್ಸ್' ಎಂಬ ಸ್ಪರ್ಧೆಯಿತ್ತು. ಎರಡು ಕೈಗಳಲ್ಲಿ ಮುದ್ಗರ ಹಿಡಿದು ತಿರುಗಿಸುವುದು, ಅದಕ್ಕೆ ಚಿನ್ನದ ಪದಕ! ನಮ್ಮ ಗರಡಿ ಮನೆಗಳ ಮುದ್ಗರವನ್ನು ಬ್ರಿಟಿಷರು ಕಂಡು, ತಮ್ಮ ಸೈನಿಕರಿಗೆ ಕಲಿಸಿ, ಊರಿಗೆ ಕೊಂಡೊಯ್ದಿದ್ದರು. ಲಾಸ್ ಏಂಜಲೀಸ್‌ನಲ್ಲಿ ಗೆದ್ದವನು ಅಮೆರಿಕದ ಜಾರ್ಜ್ ರಾತ್. ಅದರ ನಂತರ ಆ ಸ್ಪರ್ಧೆ ಮತ್ತೆ ಕಾಣಿಸಲಿಲ್ಲ.

ಖೋ ಖೋ ನಿಯಮಗಳನ್ನು ಮೊದಲು ಬರವಣಿಗೆಗೆ ಇಳಿಸಿದ್ದು ಇದೇ ಪುಣೆಯ ಡೆಕ್ಕನ್ ಜಿಮಖಾನಾ, 1914ರಲ್ಲಿ. 1936ರಲ್ಲಿ ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳದ ತಂಡ ಬರ್ಲಿನ್ ಒಲಿಂಪಿಕ್ಸ್‌ಗೆ ಹೋಗಿ ದೇಸಿ ಆಟಗಳನ್ನು ಆಡಿ ತೋರಿಸಿತು. ಪದಕಕ್ಕಾಗಿ ಅಲ್ಲ, ಪ್ರದರ್ಶನಕ್ಕಾಗಿ. ಹತ್ತಿರ ಹತ್ತಿರ ತೊಂಬತ್ತು ವರ್ಷ ಕಳೆದರೂ ನಾವು ಅಲ್ಲಿಂದ ಮುಂದೆ ಸರಿದಿಲ್ಲ.

ಈ ತೀರ್ಮಾನಗಳು ಮನುಷ್ಯರ ಬದುಕಿನ ಮೇಲೆ ಬೀಳುತ್ತವೆ ಎನ್ನುವುದಕ್ಕೆ ಕನ್ನಡಿಗರಿಗೆ ಪ್ರಕಾಶ್ ಪಡುಕೋಣೆಯವರಿಗಿಂತ ಬೇರೆ ಉದಾಹರಣೆ ಬೇಕಾಗಿಲ್ಲ. ಬ್ಯಾಡ್ಮಿಂಟನ್‌ಗೆ ಒಂದು ಕಾಲಕ್ಕೆ 'ಪೂನಾ' ಎಂದೇ ಹೆಸರಿತ್ತು. ಇಲ್ಲಿನ ದಂಡಿನ ಬ್ರಿಟಿಷ್ ಅಧಿಕಾರಿಗಳು ಆಡಿ ಬೆಳೆಸಿದ ಆಟ ಅದು. 1980ರಲ್ಲಿ ಪ್ರಕಾಶ್ ಆಲ್ ಇಂಗ್ಲೆಂಡ್ ಗೆದ್ದರು. ಅದೇ ಬೇಸಿಗೆಯಲ್ಲಿ ಮಾಸ್ಕೋ ಒಲಿಂಪಿಕ್ಸ್ ನಡೆಯಿತು, ಅದರಲ್ಲಿ ಬ್ಯಾಡ್ಮಿಂಟನ್ ಇರಲಿಲ್ಲ. 1992ರ ಬಾರ್ಸಿಲೋನಾದಲ್ಲಿ ಅದು ಪದಕದ ಆಟವಾಗುವಷ್ಟರಲ್ಲಿ ಅವರು ನಿವೃತ್ತರಾಗಿದ್ದರು. ಅವರ ಆಟದಲ್ಲಿ ಏನು ಕೊರತೆಯಿತ್ತು? ಏನೂ ಇರಲಿಲ್ಲ. ಪಟ್ಟಿಯಲ್ಲಿ ಹೆಸರಿರಲಿಲ್ಲ, ಅಷ್ಟೇ.

ಇನ್ನೊಂದು ಮಾತನ್ನೂ ಹೇಳಬೇಕು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಖೋ ಖೋ ವಿಶ್ವಕಪ್ ಮೊದಲ ಬಾರಿಗೆ ನಡೆಯಿತು. 23 ದೇಶಗಳು, ಪುರುಷರ 20 ತಂಡಗಳು, ಮಹಿಳೆಯರ 19. ಎರಡೂ ಫೈನಲ್‌ಗಳಲ್ಲಿ ಭಾರತ ನೇಪಾಳವನ್ನು ಸೋಲಿಸಿತು. ತಿ. ನರಸೀಪುರದ ಕಡೆಯ ಚೈತ್ರಾ ಮಹಿಳೆಯರ ಫೈನಲ್‌ನಲ್ಲಿ ಆಡಿದ ರೀತಿಯನ್ನು ನನ್ನ ಹುಡುಗಿಯರಿಗೆ ಮೊಬೈಲ್‌ನಲ್ಲಿ ಮತ್ತೆ ಮತ್ತೆ ತೋರಿಸಿದ್ದೇನೆ. ಆದರೆ ಅದೇ ಕೂಟದ ಮೊದಲ ಪಂದ್ಯದಲ್ಲಿ ನಮ್ಮ ಮಹಿಳೆಯರು ದಕ್ಷಿಣ ಕೊರಿಯಾವನ್ನು 175–18ರಿಂದ ಸೋಲಿಸಿದರು. ಊರಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಎಲ್ಲರೂ ಚಪ್ಪಾಳೆ ಕಳುಹಿಸುತ್ತಿದ್ದರು. ನನಗೆ ಸಂಕಟವಾಯಿತು. ಎದುರಿನವರು ಆಟವನ್ನು ಈಗಷ್ಟೇ ಕಲಿಯುತ್ತಿರುವಾಗ ಆ ಗೆಲುವನ್ನು ಹಿಡಿದುಕೊಂಡು ಒಲಿಂಪಿಕ್ಸ್‌ನ ಬಾಗಿಲು ತಟ್ಟುವುದು ಹೇಗೆ?

ಈ ತೀರ್ಮಾನಗಳು ನಿಜವಾಗಿ ಹೇಗೆ ಆಗುತ್ತವೆ ಎಂದು ಬಲ್ಲವರು ಹೇಳಿ. ಆ ತಂದೆಗೆ ನೀವಾಗಿದ್ದರೆ ಏನು ಹೇಳುತ್ತಿದ್ದಿರಿ ಎನ್ನುವುದನ್ನೂ ಬರೆಯಿರಿ.

ಉತ್ತರ: ಹಳೆಯ ಕ್ರೀಡಾಪುಟ, ಮಾಟುಂಗಾ

ಟೀಚರ್, ನಾನು ಪತ್ರಿಕೆಯೊಂದರ ಕ್ರೀಡಾ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ನಿಮ್ಮ ಪ್ರಶ್ನೆಗೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಹೊಸ ಆಟಗಳು ಸೇರಿದ್ದು ಮುಂಬಯಿಯಲ್ಲೇ. 2023ರ ಅಕ್ಟೋಬರ್ 16ರಂದು ಬಾಂದ್ರಾ–ಕುರ್ಲಾ ಸಂಕೀರ್ಣದಲ್ಲಿ, ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ 141ನೇ ಅಧಿವೇಶನದಲ್ಲಿ ಕ್ರಿಕೆಟ್, ಸ್ಕ್ವಾಷ್, ಫ್ಲ್ಯಾಗ್ ಫುಟ್‌ಬಾಲ್, ಲ್ಯಾಕ್ರೋಸ್ ಮತ್ತು ಬೇಸ್‌ಬಾಲ್–ಸಾಫ್ಟ್‌ಬಾಲ್‌ಗಳಿಗೆ ಒಟ್ಟಿಗೇ ಒಪ್ಪಿಗೆ ಸಿಕ್ಕಿತು. ವಿರೋಧಿಸಿದವರು ಇಬ್ಬರೇ ಸದಸ್ಯರು.

ಮೊದಲು ಅಳತೆಗೋಲು ಕಣ್ಣಿಗೆ ಕಾಣುವಂತಿತ್ತು. ಬೇಸಿಗೆ ಒಲಿಂಪಿಕ್ಸ್‌ಗೆ ಬರಬೇಕಾದ ಆಟವನ್ನು ಪುರುಷರು ಕನಿಷ್ಠ ನಾಲ್ಕು ಖಂಡಗಳ 75 ದೇಶಗಳಲ್ಲಿ, ಮಹಿಳೆಯರು ಮೂರು ಖಂಡಗಳ 40 ದೇಶಗಳಲ್ಲಿ ವ್ಯಾಪಕವಾಗಿ ಆಡುತ್ತಿರಬೇಕಿತ್ತು. 2014ರ ಸುಧಾರಣೆಗಳ ನಂತರ ಚಿತ್ರವೇ ಬದಲಾಯಿತು. ಈಗ ಆತಿಥೇಯ ನಗರದ ಸಂಘಟಕರು ತಮಗೆ ಬೇಕಾದ ಆಟಗಳನ್ನು ಸೂಚಿಸಬಹುದು. ಒಲಿಂಪಿಕ್ ಸಮಿತಿಯ ಕಾರ್ಯಕಾರಿ ಮಂಡಳಿ ಪರಿಶೀಲಿಸಿ ಶಿಫಾರಸು ಮಾಡುತ್ತದೆ, ಅಧಿವೇಶನ ಮತ ಹಾಕುತ್ತದೆ. ಹೀಗೆ ಬಂದ ಆಟಕ್ಕೆ ಆ ಒಂದು ಕೂಟದ ಮಟ್ಟಿಗೆ ಮಾತ್ರ ಜಾಗ. ಕರಾಟೆ ಟೋಕಿಯೊಗೆ ಬಂತು, ಪ್ಯಾರಿಸ್‌ಗೆ ಬರಲಿಲ್ಲ. ಬ್ರೇಕಿಂಗ್, ಎಂದರೆ ಬ್ರೇಕ್ ಡಾನ್ಸ್, ಪ್ಯಾರಿಸ್‌ಗೆ ಬಂತು, ಲಾಸ್ ಏಂಜಲೀಸ್‌ನಲ್ಲಿ ಇಲ್ಲ.

ಮುಂಬಯಿಯ ಆ ನಿರ್ಧಾರವನ್ನು ಸಮರ್ಥಿಸುತ್ತ ಲಾಸ್ ಏಂಜಲೀಸ್‌ನ ಕ್ರೀಡಾ ನಿರ್ದೇಶಕ ನಿಕೊಲೊ ಕಂಪ್ರಿಯಾನಿ ಏನು ಹೇಳಿದರು ಗೊತ್ತೇ? ವಿರಾಟ್ ಕೊಹ್ಲಿಗೆ ಸಾಮಾಜಿಕ ಜಾಲತಾಣಗಳಲ್ಲಿ 34 ಕೋಟಿ ಹಿಂಬಾಲಕರಿದ್ದಾರೆ, ಅದು ಅಮೆರಿಕದ ಕ್ರೀಡಾ ತಾರೆಗಳಾದ ಲೆಬ್ರಾನ್ ಜೇಮ್ಸ್, ಟಾಮ್ ಬ್ರೇಡಿ ಮತ್ತು ಟೈಗರ್ ವುಡ್ಸ್ ಮೂವರದನ್ನೂ ಕೂಡಿಸಿದ್ದಕ್ಕಿಂತ ಹೆಚ್ಚು ಎಂದು. ಕಂಪ್ರಿಯಾನಿ ಸ್ವತಃ ಶೂಟಿಂಗ್‌ನಲ್ಲಿ ಒಲಿಂಪಿಕ್ ಚಿನ್ನ ಗೆದ್ದವರು, ಕ್ರೀಡೆಯ ಮರ್ಮ ಬಲ್ಲವರು. ಅಂಥವರೂ ಮುಂದಿಟ್ಟದ್ದು ಈ ಲೆಕ್ಕವನ್ನು. 1900ರ ಪ್ಯಾರಿಸ್‌ನಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ಒಂದೇ ಒಂದು ಪಂದ್ಯ ಆಡಿದ ಮೇಲೆ ಮರೆಯಾಗಿದ್ದ ಕ್ರಿಕೆಟ್ 128 ವರ್ಷಗಳ ನಂತರ ಹಿಂತಿರುಗುತ್ತಿರುವುದರ ಹಿಂದೆ ಭಾರತದ ಟಿವಿ ಮಾರುಕಟ್ಟೆಯಿದೆ. ಫ್ಲ್ಯಾಗ್ ಫುಟ್‌ಬಾಲ್ ಬಂದದ್ದು ಅಮೆರಿಕನ್ನರ ಮೆಚ್ಚಿನ ಆಟದ ಕವಲು ಎಂಬ ಕಾರಣಕ್ಕೆ.

ಜಾಗವೂ ಇಕ್ಕಟ್ಟು. ಮೂಲ ಕ್ರೀಡೆಗಳಿಗೆ 10,500 ಕ್ರೀಡಾಪಟುಗಳ ಮಿತಿ. ಹೊಸ ಐದು ಆಟಗಳಿಗೆಂದು ಮೇಲೆ 698 ಸ್ಥಾನ ಕೊಟ್ಟರು. ಅದರಲ್ಲಿ ಕ್ರಿಕೆಟ್‌ಗೆ ಪುರುಷರಿಗೆ 90, ಮಹಿಳೆಯರಿಗೆ 90, ಎಂದರೆ ಆರಾರು ತಂಡ. ತಂಡದ ಆಟ ಎಂದರೆ ಸಂಘಟಕರು ಹಿಂಜರಿಯುವುದು ಈ ಕಾರಣಕ್ಕೆ. ನಿಮ್ಮ ಖೋ ಖೋ ತಂಡದ ಆಟ, ಒಂದು ತಂಡಕ್ಕೆ ಹದಿನೈದು ಜನ ಬೇಕು, ಪೈಪೋಟಿ ಒಂದೇ ಪದಕಕ್ಕೆ. ಓಟದ ಒಬ್ಬ ಹುಡುಗಿ ಕ್ರೀಡಾಗ್ರಾಮದಲ್ಲಿ ಒಂದು ಹಾಸಿಗೆ ಹಿಡಿಯುತ್ತಾಳೆ, ಮೂರು ಪದಕಕ್ಕೆ ಪೈಪೋಟಿ ಮಾಡುತ್ತಾಳೆ.

ಆದ್ದರಿಂದ ಆ ತಂದೆಗೆ ನೇರವಾಗಿ ಹೇಳಿ: ಪಟ್ಟಿ ಮಾಡುವುದು ಆಟದ ಯೋಗ್ಯತೆಯನ್ನು ತೂಗಿ ಅಲ್ಲ. ಯಾರು ಆತಿಥೇಯರು, ಯಾರು ನೋಡುತ್ತಾರೆ, ಎಷ್ಟು ಖರ್ಚು, ಈ ಮೂರನ್ನು ತೂಗಿ.

ಉತ್ತರ: ಸ್ಕ್ವಾಷ್ ಹುಡುಗನ ತಂದೆ, ಅಂಧೇರಿ

ಟೀಚರ್, ನಾನು ಆ ತಂದೆಯ ಪಕ್ಷ.

ನನ್ನ ಮಗ ಚಿಕ್ಕಂದಿನಿಂದ ಸ್ಕ್ವಾಷ್ ಆಡುತ್ತಿದ್ದಾನೆ. 2012, 2016, 2020 ಮೂರಕ್ಕೂ ಸ್ಕ್ವಾಷ್ ಅರ್ಜಿ ಹಾಕಿ ತಿರಸ್ಕೃತವಾದದ್ದನ್ನು ಆ ಆಟದಲ್ಲಿರುವ ಎಲ್ಲರೂ ಗಾಯದಂತೆ ನೆನಪಿಟ್ಟುಕೊಂಡಿದ್ದಾರೆ. ಮುಂಬಯಿಯಿಂದ ಒಪ್ಪಿಗೆಯ ಸುದ್ದಿ ಬಂದ ದಿನ ನಮ್ಮ ಕೋರ್ಟಿನಲ್ಲಿ ಹಿರಿಯ ತರಬೇತುದಾರರೊಬ್ಬರು ಅತ್ತರು. ಒಲಿಂಪಿಕ್ಸ್ ಎಂಬ ಮುದ್ರೆ ಬಿದ್ದರೆ ಸರ್ಕಾರದ ನೆರವಿನ ಯೋಜನೆಗಳು, ಕಂಪನಿಗಳ ಪ್ರಾಯೋಜಕತ್ವ, ವಿದೇಶದ ತರಬೇತಿ ಎಲ್ಲದರ ದಾರಿ ತೆರೆಯುತ್ತದೆ. ತಂದೆ ಆದವನು ಅದನ್ನು ಯೋಚಿಸಿದರೆ ಅದು ದುರಾಸೆಯಲ್ಲ.

ಪುಣೆಯಲ್ಲೇ ಹುಟ್ಟಿ ಬೆಂಗಳೂರಿನಲ್ಲಿ ಬೆಳೆದ ಪಂಕಜ್ ಅಡ್ವಾಣಿಯವರನ್ನು ನೋಡಿ. ಬಿಲಿಯರ್ಡ್ಸ್ ಮತ್ತು ಸ್ನೂಕರ್‌ನಲ್ಲಿ ಇಪ್ಪತ್ತೈದಕ್ಕೂ ಹೆಚ್ಚು ವಿಶ್ವ ಪ್ರಶಸ್ತಿಗಳು. ಏಷ್ಯನ್ ಕ್ರೀಡಾಕೂಟದಲ್ಲಿ 2006 ಮತ್ತು 2010ರಲ್ಲಿ ಚಿನ್ನ ಗೆದ್ದರು, ಆಮೇಲೆ ಆ ಕೂಟದಿಂದಲೇ ಅವರ ಆಟವನ್ನು ತೆಗೆದರು. ಒಂದು ಒಲಿಂಪಿಕ್ ಪದಕ ಗೆದ್ದವರನ್ನು ಬೀದಿಯಲ್ಲಿ ಜನ ಗುರುತಿಸುತ್ತಾರೆ, ಇವರನ್ನು ಎಷ್ಟು ಜನ ಗುರುತಿಸುತ್ತಾರೆ? ನನ್ನ ಮಗ ಅಂಥ ಸ್ಥಿತಿಯಲ್ಲಿ ನಿಲ್ಲಬಾರದು ಎಂದು ನಾನು ಬಯಸಿದರೆ ತಪ್ಪೇ?

ಆದರೂ ಒಂದು ವಿಷಯವನ್ನು ಅವರಿಗೆ ತಿಳಿಸಿ. ಲಾಸ್ ಏಂಜಲೀಸ್‌ನಲ್ಲಿ ಸ್ಕ್ವಾಷ್‌ಗೆ ಇರುವುದು ಸಿಂಗಲ್ಸ್ ಮಾತ್ರ. 16 ಪುರುಷರು, 16 ಮಹಿಳೆಯರು, ಇಡೀ ಜಗತ್ತಿಗೆ. ಒಂಬತ್ತನೆಯ ತರಗತಿಯಲ್ಲಿ ಮೊದಲ ಬಾರಿ ರ‍್ಯಾಕೆಟ್ ಹಿಡಿಯುವ ಹುಡುಗಿ ಆರೇಳು ವರ್ಷದಿಂದ ಆಡುತ್ತಿರುವವರ ಎದುರು ನಿಲ್ಲಬೇಕು. ಕೋರ್ಟುಗಳು ಹೆಚ್ಚಾಗಿ ಕ್ಲಬ್ಬುಗಳ ಒಳಗಿವೆ, ಸದಸ್ಯತ್ವ ಬೇಕು, ಬೂಟು ಬೇಗ ಸವೆಯುತ್ತದೆ. ಭೋಸರಿಯ ಕಾರ್ಖಾನೆಯ ಸಂಬಳದಲ್ಲಿ ಅದು ಸುಲಭವಲ್ಲ. ಆಟ ಬದಲಿಸುವುದೇ ಆದರೆ ಅವಳ ಓಟಕ್ಕೆ ಹೊಂದುವ ಅಥ್ಲೆಟಿಕ್ಸ್ ಕಡೆ ನೋಡಲಿ.

ಉತ್ತರ: ತಾಲೀಮಿನವ, ಹಡಪಸರ

ಅಕ್ಕನವರೇ, ನಮಸ್ಕಾರ. ನಾನು ಬೆಳಗಾವಿ ಜಿಲ್ಲೆಯವನು. ವಯಸ್ಸಿದ್ದಾಗ ಕುಸ್ತಿ ಆಡಿದವನು, ಈಗ ಹಡಪಸರದಲ್ಲಿ ಅಂಗಡಿ.

ಒಳಗೆ ಬಂದವರು ಒಳಗೇ ಇರುತ್ತಾರೆ ಎಂದು ಆ ತಂದೆ ತಿಳಿದಿದ್ದರೆ ಕುಸ್ತಿಯ ಕಥೆ ಹೇಳಿ. ಸ್ವತಂತ್ರ ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ ತಂದುಕೊಟ್ಟ ಆಟ ಅದು. ಕರಾಡ ಬಳಿಯ ಗೋಳೇಶ್ವರದ ಖಾಶಾಬಾ ಜಾಧವ್, 1952, ಹೆಲ್ಸಿಂಕಿ, ಕಂಚು. ಪುರಾತನ ಗ್ರೀಕರ ಒಲಿಂಪಿಕ್ಸ್‌ನಲ್ಲಿಯೂ ಇದ್ದ ಆಟ. ಅಂಥ ಕುಸ್ತಿಯನ್ನು 2013ರ ಫೆಬ್ರುವರಿಯಲ್ಲಿ ಕಾರ್ಯಕಾರಿ ಮಂಡಳಿ 2020ರ ಪಟ್ಟಿಯಿಂದ ಕೈಬಿಡಲು ಹೇಳಿತು! ಅಂದು ಸಂಜೆ ತಾಲೀಮಿನಲ್ಲಿ ಯಾರೂ ಮಣ್ಣಿಗೆ ಇಳಿಯಲಿಲ್ಲ. ಸುಮ್ಮನೆ ಕಟ್ಟೆಯ ಮೇಲೆ ಕುಳಿತಿದ್ದೆವು.

ಆಮೇಲೆ ಆದದ್ದು ಮುಖ್ಯ. ಅಂತರರಾಷ್ಟ್ರೀಯ ಕುಸ್ತಿ ಒಕ್ಕೂಟದ ಅಧ್ಯಕ್ಷರು ಇಳಿದರು. ಹೊಸಬರು ಬಂದು ಕೆಲವೇ ತಿಂಗಳಲ್ಲಿ ನಿಯಮ ಬದಲಿಸಿದರು. ಮೂರು ಸುತ್ತಿನಲ್ಲಿ ಎರಡು ಗೆಲ್ಲುವ ಪದ್ಧತಿ ಹೋಗಿ, ಮೂರು ಮೂರು ನಿಮಿಷದ ಎರಡು ಅವಧಿಗಳ ಅಂಕಗಳನ್ನು ಕೂಡಿಸುವ ಪದ್ಧತಿ ಬಂತು. ನೋಡುವವನಿಗೆ ಯಾರು ಮುಂದಿದ್ದಾರೆ ಎಂದು ಈಗ ತಿಳಿಯುತ್ತದೆ. ಮಹಿಳೆಯರ ತೂಕದ ವಿಭಾಗಗಳನ್ನು ನಾಲ್ಕರಿಂದ ಆರಕ್ಕೆ ಏರಿಸಿದರು, ಅದಕ್ಕಾಗಿ ಪುರುಷರ ವಿಭಾಗಗಳನ್ನು ಕಡಿಮೆ ಮಾಡಿದರು. ಅಮೆರಿಕ, ಇರಾನ್, ರಷ್ಯಾ ಒಂದೇ ಮಾತು ಆಡಿದವು. ಸೆಪ್ಟೆಂಬರ್‌ನಲ್ಲಿ ಬ್ಯೂನಸ್ ಐರಿಸ್‌ನ ಅಧಿವೇಶನದಲ್ಲಿ ಕುಸ್ತಿಗೆ 49 ಮತ, ಬೇಸ್‌ಬಾಲ್–ಸಾಫ್ಟ್‌ಬಾಲ್‌ಗೆ 24, ಸ್ಕ್ವಾಷ್‌ಗೆ 22. ಅಂಧೇರಿಯ ಸಾಹೇಬರೇ, ನಿಮ್ಮ ಸ್ಕ್ವಾಷ್ ಸೋತದ್ದು ನಮ್ಮ ಕೈಯಲ್ಲಿ.

ಹಳೆಯ ಕ್ರೀಡಾಪುಟದವರು ಎಲ್ಲವನ್ನೂ ಟಿವಿಯ ಮೇಲೆ ಹಾಕಿದರು. ಅದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಆಟದವರು ತಾವೇ ಬದಲಾಗಲು ಸಿದ್ಧರಿದ್ದರೆ ಬಾಗಿಲು ತೆರೆಯುತ್ತದೆ. ನಮ್ಮವರು ಎಷ್ಟೋ ವರ್ಷ ಕೆಮ್ಮಣ್ಣಿನ ಅಖಾಡ ಬಿಡಲಾರೆವು ಎಂದು ಹಟ ಹಿಡಿದರು. ಮ್ಯಾಟ್‌ಗೆ ಇಳಿದ ಮೇಲೆಯೇ ಪದಕಗಳು ಬಂದವು. ಮಣ್ಣಿನ ವಾಸನೆಯ ಮೇಲೆ ನನಗಿರುವ ಪ್ರೀತಿ ಕಡಿಮೆಯಾಗಿಲ್ಲ, ಆದರೂ ಇದು ಸತ್ಯ.

ಇನ್ನೂ ಒಂದು. 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕೂಟದಲ್ಲಿ ಭಾರತದ 61 ಪದಕಗಳಲ್ಲಿ 12 ಕುಸ್ತಿಯವು. 2026ರ ಗ್ಲಾಸ್ಗೋ ಕೂಟದಲ್ಲಿ ಖರ್ಚು ಉಳಿಸಲು ಹತ್ತೇ ಕ್ರೀಡೆಗಳನ್ನು ಇಟ್ಟರು, ಕುಸ್ತಿ, ಹಾಕಿ, ಬ್ಯಾಡ್ಮಿಂಟನ್ ಎಲ್ಲ ಹೊರಗೆ. ಪಟ್ಟಿಯನ್ನು ನಂಬಿ ಮಗುವಿನ ಆಟ ಆರಿಸುವುದು ಹೇಗೆ?

ಉತ್ತರ: ಮಡಗಾಂವ್ ಕನ್ನಡಿಗ

ಆತಿಥೇಯರ ಪಾತ್ರದ ಬಗ್ಗೆ ಒಂದು ಮಾತು ಸೇರಿಸುತ್ತೇನೆ. 2023ರ ರಾಷ್ಟ್ರೀಯ ಕ್ರೀಡಾಕೂಟ ನಮ್ಮ ಗೋವಾದಲ್ಲಿ ನಡೆದಾಗ ನಲವತ್ತಕ್ಕೂ ಹೆಚ್ಚು ಆಟಗಳಿದ್ದವು. ಕಳರಿಪಯಟ್ಟು ಮತ್ತು ರೋಲ್ ಬಾಲ್ ಮೊದಲ ಬಾರಿ ಸೇರಿದವು. ಲಗೋರಿ ಮತ್ತು ಪಂಜಾಬಿನ ಕೋಲುವರಸೆಯಾದ ಗತಕಾ ಪ್ರದರ್ಶನದ ಆಟಗಳಾಗಿ ಬಂದವು. ಲಗೋರಿಯ ಕಲ್ಲು ಜೋಡಿಸುವುದನ್ನು ನೋಡಲು ನನ್ನ ಮಗನನ್ನು ಕರೆದುಕೊಂಡು ಹೋಗಿದ್ದೆ. ಅವನಿಗೆ ಅದೊಂದು ಆಟ ಎಂಬುದೇ ಗೊತ್ತಿರಲಿಲ್ಲ.

ಟೀಚರ್, ರೋಲ್ ಬಾಲ್ ನಿಮ್ಮ ಪುಣೆಯದು. ಅದನ್ನು ಕಟ್ಟಿದ ರಾಜು ದಾಭಾಡೆ ನಿಮ್ಮಂತೆಯೇ ಶಾಲೆಯ ದೈಹಿಕ ಶಿಕ್ಷಕರು. ಕಾಲಿಗೆ ಸ್ಕೇಟ್ ಕಟ್ಟಿಕೊಂಡು ಚೆಂಡು ಪುಟಿಸುತ್ತ ಗೋಲು ಹೊಡೆಯುವ ಆಟ. 2011ರಲ್ಲಿ ಪುಣೆಯಲ್ಲೇ ಅದರ ಮೊದಲ ವಿಶ್ವಕಪ್ ನಡೆಯಿತು, ಗೆದ್ದದ್ದು ಡೆನ್ಮಾರ್ಕ್! ಹುಟ್ಟಿಸಿದ ದೇಶವೇ ಗೆಲ್ಲಬೇಕೆಂದಿಲ್ಲ ಎನ್ನುವುದು ಆ ಆಟಕ್ಕೆ ಒಳ್ಳೆಯದೇ ಆಯಿತು ಎಂದು ನನಗೆ ಅನ್ನಿಸುತ್ತದೆ.

2036ರ ಒಲಿಂಪಿಕ್ಸ್‌ಗೆ ಭಾರತ ಆಸಕ್ತಿಯ ಪತ್ರ ಕೊಟ್ಟಾಗಿದೆ. ಅದು ಸಿಕ್ಕರೆ ನಾವೇ ಖೋ ಖೋ, ಕಬಡ್ಡಿ ಸೂಚಿಸಬಹುದು. ಆ ಹುಡುಗಿಗೆ ಆಗ ವಯಸ್ಸು ಇಪ್ಪತ್ತೈದರ ಆಸುಪಾಸು, ಸರಿಯಾದ ವಯಸ್ಸು. ಇದನ್ನೂ ತಂದೆಗೆ ಹೇಳಿ.

ಉತ್ತರ: ಖೋ ಖೋ ಟೀಚರ್, ಚಿಂಚವಡ

ಎಲ್ಲರಿಗೂ ಮನಸ್ಸಿನಿಂದ ಧನ್ಯವಾದ. ಎಲ್ಲವನ್ನೂ ನಿಧಾನವಾಗಿ ಓದಿದೆ.

ಮಡಗಾಂವ್‌ನ ಅಣ್ಣ, 2036ರ ಆಸೆಯನ್ನು ಆ ತಂದೆಯ ಮುಂದೆ ಇಡಲು ನನಗೆ ಮನಸ್ಸು ಬರಲಿಲ್ಲ. ಸಿಗದಿದ್ದರೆ? ಸಿಕ್ಕಿ, ಆ ಒಂದು ಬಾರಿ ಆಡಿಸಿ, 2040ರಲ್ಲಿ ತೆಗೆದರೆ? ಆತಿಥೇಯರ ದಾಕ್ಷಿಣ್ಯಕ್ಕೆ ಒಳಗೆ ಬಂದ ಆಟ ಕರಾಟೆಯ ಹಾಗೆ ಹೊರಗೆ ಹೋಗುತ್ತದೆ. ಖೋ ಖೋ ಹಾಗೆ ಬರುವುದು ನನಗೆ ಬೇಡ. ಬೇರೆ ದೇಶದವರು "ಈ ಆಟ ನಮ್ಮದೂ ಹೌದು, ಇದು ಇರಬೇಕು" ಎಂದು ಕೇಳುವಂತಾಗಬೇಕು.

ಹಳೆಯ ಕ್ರೀಡಾಪುಟದ ಸರ್ ಕೊಟ್ಟ ಸಂಖ್ಯೆಗಳಲ್ಲಿ ನನ್ನನ್ನು ಹಿಡಿದದ್ದು ಆ ಹಳೆಯ ನಿಯಮ: ಮಹಿಳೆಯರು 40 ದೇಶಗಳಲ್ಲಿ, ಮೂರು ಖಂಡಗಳಲ್ಲಿ. ನಿಯಮ ಸಡಿಲವಾಗಿರಬಹುದು, ಆದರೂ ಅದೇ ನ್ಯಾಯವಾದ ಗುರಿ ಎಂದು ನನಗೆ ತೋರುತ್ತದೆ. ವಿಶ್ವಕಪ್‌ಗೆ ಬಂದದ್ದು ಮಹಿಳೆಯರ 19 ತಂಡ. ಅದರಲ್ಲಿ ಸೆಮಿಫೈನಲ್ ತಲುಪಿದ ನಾಲ್ಕರಲ್ಲಿ ಎರಡು ಆಫ್ರಿಕಾದವು, ಉಗಾಂಡಾ ಮತ್ತು ದಕ್ಷಿಣ ಆಫ್ರಿಕಾ. ದಾರಿ ಅಲ್ಲಿದೆ.

ಕಬಡ್ಡಿಯನ್ನು ನೋಡಿ. 1990ರಲ್ಲಿ ಅದು ಏಷ್ಯನ್ ಕ್ರೀಡಾಕೂಟಕ್ಕೆ ಸೇರಿದಂದಿನಿಂದ 2014ರವರೆಗೆ ಪುರುಷರ ಏಳೂ ಚಿನ್ನ ಭಾರತಕ್ಕೇ ಬಂದವು. 2018ರ ಜಕಾರ್ತಾದಲ್ಲಿ ಇರಾನ್ ನಮ್ಮ ಪುರುಷರನ್ನು ಸೆಮಿಫೈನಲ್‌ನಲ್ಲಿ ಸೋಲಿಸಿತು, ಮಹಿಳೆಯರನ್ನು ಫೈನಲ್‌ನಲ್ಲಿ 27–24ರಿಂದ. ಆ ಇರಾನ್ ಮಹಿಳೆಯರಿಗೆ ಕಲಿಸಿದವರು ನಾಸಿಕ್‌ನ ಶೈಲಜಾ ಜೈನ್. ಇಲ್ಲಿ ಹಲವರು ಅವರ ಮೇಲೆ ಮುನಿಸಿಕೊಂಡರು. ನಾನು ಮಾತ್ರ ಅಂದಿನಿಂದ ಅವರನ್ನು ನನ್ನ ಗುರುವೆಂದು ಭಾವಿಸಿದ್ದೇನೆ. ಮಹಾರಾಷ್ಟ್ರದ ಒಬ್ಬ ಹೆಣ್ಣುಮಗಳು ಪರದೇಶಕ್ಕೆ ಹೋಗಿ, ಅವರ ಆಹಾರ, ಅವರ ಉಡುಪು, ಅವರ ಭಾಷೆಯ ನಡುವೆ ನಿಂತು, ಅಲ್ಲಿನ ಹುಡುಗಿಯರು ನಮ್ಮನ್ನೇ ಸೋಲಿಸುವಷ್ಟು ಕಲಿಸಿದರು. ಕಬಡ್ಡಿ ಒಂದು ದೇಶದ ಆಸ್ತಿಯಲ್ಲ ಎಂದು ಅದಕ್ಕಿಂತ ಚೆನ್ನಾಗಿ ಸಾಬೀತು ಮಾಡಿದವರು ಯಾರಿದ್ದಾರೆ? ತಾಲೀಮಿನ ಅಣ್ಣನವರು ಹೇಳಿದ ನಿಯಮ ಬದಲಾವಣೆಯ ಮಾತೂ ನಿಜ. ವಿಶ್ವಕಪ್‌ನಲ್ಲಿ ಕಡಿಮೆ ಆಟಗಾರರ ವೇಗದ ಮಾದರಿ ಬಳಸಿದರು, ಮ್ಯಾಟ್ ಹಾಸಿದರು. ನಮ್ಮ ಹಳಬರು ಗೊಣಗಿದರು. ನನಗೆ ಅದು ಸರಿ ಎನಿಸಿತು.

ತಂದೆಯ ಜೊತೆ ಶನಿವಾರ ಮಾತನಾಡಿದೆ. ಪ್ರಕಾಶ್ ಪಡುಕೋಣೆಯವರ ಕಥೆಯನ್ನು ಅವರು ಗಮನವಿಟ್ಟು ಕೇಳಿದರು, ಆದರೆ ಅವರಿಗೆ ಬೇಕಾದದ್ದು ಮಗಳ ಊಟದ ದಾರಿ. ಅದನ್ನೇ ಹೇಳಿದೆ: ಮಹಾರಾಷ್ಟ್ರದಲ್ಲಿ ಸರ್ಕಾರಿ ನೌಕರಿಯಲ್ಲಿ ಕ್ರೀಡಾಪಟುಗಳಿಗೆ ಶೇಕಡಾ 5 ಮೀಸಲಾತಿ ಇದೆ, ರೈಲ್ವೆಯಲ್ಲಿ ಖೋ ಖೋ ತಂಡವಿದೆ. ವಿಶ್ವಕಪ್ ಗೆದ್ದ ತಮ್ಮ ಆಟಗಾರರಿಗೆ ಇಲ್ಲಿನ ಸರ್ಕಾರ ತಲಾ 2.25 ಕೋಟಿ ರೂಪಾಯಿ ಘೋಷಿಸಿತು. ನಮ್ಮ ಕರ್ನಾಟಕ ಚೈತ್ರಾ ಮತ್ತು ಪುರುಷರ ತಂಡದ ಗೌತಮ್‌ಗೆ ಘೋಷಿಸಿದ್ದು ತಲಾ 5 ಲಕ್ಷ, ಅದನ್ನು ಅವರಿಬ್ಬರೂ ಒಪ್ಪಲಿಲ್ಲ. ಅವರು ಮಾಡಿದ್ದು ಸರಿ. ಒಂದೇ ತಂಡ, ಒಂದೇ ಕಪ್, ಒಂದೇ ಬೆವರು, ರಾಜ್ಯದ ಗಡಿ ದಾಟಿದರೆ ಇಷ್ಟು ಅಂತರವೇ? ಈ ಮಾತು ಬರೆಯುವಾಗಲೂ ನನ್ನ ಕೈ ನಡುಗುತ್ತದೆ.

ಅಂಧೇರಿಯ ಸರ್, ನಿಮ್ಮ ಸಲಹೆ ಅವರಿಗೆ ಹಿಡಿಸಿತು. ಹತ್ತನೆಯ ತರಗತಿ ಮುಗಿಯುವವರೆಗೆ ಸಂಜೆ ಖೋ ಖೋ, ವಾರದಲ್ಲಿ ಎರಡು ಬೆಳಿಗ್ಗೆ ಉದ್ದ ಜಿಗಿತ ಮತ್ತು ಓಟ ಎಂದು ಒಪ್ಪಿದ್ದಾರೆ. ಹುಡುಗಿಯನ್ನೂ ಕೇಳಿದೆವು. "ಜಿಗಿತ ಮಾಡುತ್ತೇನೆ, ಆದರೆ ಪಂದ್ಯದ ದಿನ ಖೋ ಖೋಗೇ ಬರುತ್ತೇನೆ" ಎಂದಳು.

ಇನ್ನು ನಾನು ಮಾಡಬೇಕೆಂದಿರುವ ಕೆಲಸ. ಪುಣೆಯ ಕಾಲೇಜುಗಳಲ್ಲಿ ಆಫ್ರಿಕಾ, ಇರಾನ್, ನೇಪಾಳದ ವಿದ್ಯಾರ್ಥಿಗಳು ಬಹಳ ಜನ ಓದುತ್ತಾರೆ. ಅವರಿಗೆ ಭಾನುವಾರ ಬೆಳಿಗ್ಗೆ ಖೋ ಖೋ ಕಲಿಸಲು ಶಾಲೆಯ ಮೈದಾನ ಕೇಳಿದ್ದೇನೆ, ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ. ಕಂಬಗಳಿವೆ, ನನ್ನ ಹಿರಿಯ ಹುಡುಗಿಯರು ಕಲಿಸಲು ಸಿದ್ಧರಿದ್ದಾರೆ. ಓದು ಮುಗಿಸಿ ಊರಿಗೆ ಹೋಗುವವರಲ್ಲಿ ಇಬ್ಬರು ಅಲ್ಲಿ ಒಂದು ತಂಡ ಕಟ್ಟಿದರೂ ಸಾಕು. ನಿಮ್ಮಲ್ಲಿ ಯಾರಾದರೂ ವಿದೇಶಿ ವಿದ್ಯಾರ್ಥಿಗಳಿಗೆ ಮನೆ ಬಾಡಿಗೆಗೆ ಕೊಟ್ಟಿದ್ದರೆ, ಕಾಲೇಜುಗಳಲ್ಲಿ ಕೆಲಸ ಮಾಡುತ್ತಿದ್ದರೆ, ದಯವಿಟ್ಟು ತಿಳಿಸಿ. ಹುಡುಗಿಯರು ಬಂದರೆ ಇನ್ನೂ ಸಂತೋಷ. ಆಟ ಗೊತ್ತಿರಬೇಕಿಲ್ಲ, ಓಡಲು ಮನಸ್ಸಿದ್ದರೆ ಆಯಿತು, ಬೂಟು ನಾವು ಹೊಂದಿಸುತ್ತೇವೆ.